ಘಟ್ಟದ ಆಚೆಯ ಬಳ್ಳಿ: ಬಲ್ಮಠದಲ್ಲಿ ಒಂದು ಆಲ್ಸಾಸ್ ಸಂಜೆ

ಮಂಗಳೂರಿನ ಬಲ್ಮಠ ಗುಡ್ಡದ ಬದಿಯ ಹೋಟೆಲೊಂದರ ಮೇಲಂತಸ್ತಿನಲ್ಲಿ ತಿಂಗಳಿಗೊಮ್ಮೆ, ಶನಿವಾರ ಸಂಜೆ ಏಳಕ್ಕೆ, ವೈನ್ ಸವಿಯುವ ಕೂಟ ನಡೆಯುತ್ತದೆ. ಹನ್ನೆರಡೇ ಕುರ್ಚಿಗಳು, ಆರು ಬಾಟಲಿಗಳು, ಅವುಗಳಿಗೆ ಹೊಂದಿಸಿದ ಊಟ. ತಲೆಗೆ 6,000 ರೂಪಾಯಿ. ಒಂದು ಬಾಟಲಿಯಲ್ಲಿ 750 ಮಿಲಿಲೀಟರ್ ಇರುವುದರಿಂದ ಒಬ್ಬೊಬ್ಬರ ಪಾಲಿಗೆ ಬರುವುದು ಒಂದೊಂದರಿಂದ ಅರವತ್ತು ಮಿಲಿಲೀಟರಿನಷ್ಟು. ಕುಡಿಯಲೆಂದು ಬಂದವರಿಗೆ ಅದು ಸಾಲದು. ಗಮನಿಸಲೆಂದು ಬಂದವರಿಗೆ ಧಾರಾಳವಾಯಿತು. ಅಕ್ಟೋಬರ್ ಕೊನೆಯ ಶನಿವಾರ ನಾನು ನನ್ನ ತಮ್ಮನೊಂದಿಗೆ ಹೋಗಿದ್ದೆ. ಕೂಟ ನಡೆಸುವವರ ಹೆಸರನ್ನು ಇಲ್ಲಿ ಬರೆದಿಲ್ಲ. ಮೆಚ್ಚಿದ್ದರ ಜೊತೆಗೆ ಒಂದು ದೊಡ್ಡ ಲೋಪವನ್ನೂ ಹೇಳಬೇಕಾಗಿದೆ, ಅದನ್ನು ಅವರಿಗೆ ಅಂದೇ ಎದುರಿನಲ್ಲಿ ತಿಳಿಸಿದ್ದೇನೆ.

ಇಂಥ ಕೂಟಗಳಲ್ಲಿ ಸಾಮಾನ್ಯವಾಗಿ ದ್ರಾಕ್ಷಿಯ ತಳಿಯನ್ನೋ ಬೆಲೆಯನ್ನೋ ಹಿಡಿದು ಬಾಟಲಿಗಳನ್ನು ಜೋಡಿಸುತ್ತಾರೆ. ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ. ಅಥವಾ ಫ್ರಾನ್ಸಿನದೊಂದು, ಇಟಲಿಯದೊಂದು, ನಾಸಿಕದ್ದೊಂದು. ಅದರಿಂದ ನಾಲಿಗೆಗೆ ಸಂತೋಷವಾಗಬಹುದು, ತಿಳಿವಳಿಕೆ ಬೆಳೆಯುವುದು ಕಡಿಮೆ, ಏಕೆಂದರೆ ತಳಿ, ನೆಲ, ಹವೆ, ಮಾಡುವವರ ಕೈ ಎಲ್ಲವೂ ಏಕಕಾಲಕ್ಕೆ ಬದಲಾದಾಗ ಯಾವ ವ್ಯತ್ಯಾಸಕ್ಕೆ ಯಾವುದು ಕಾರಣವೆಂದು ಹೇಳಲು ಬರುವುದಿಲ್ಲ. ಬಲ್ಮಠದ ಕೂಟದವರು ಆರೂ ಬಾಟಲಿಗಳನ್ನು ಫ್ರಾನ್ಸಿನ ಪೂರ್ವದಂಚಿನ ಆಲ್ಸಾಸ್ ಎಂಬ ಒಂದೇ ಸೀಮೆಯಿಂದ ಆರಿಸಿದ್ದರು. ಅದರಲ್ಲೂ ಮೊದಲ ನಾಲ್ಕು ರೀಸ್ಲಿಂಗ್ ಎಂಬ ಒಂದೇ ದ್ರಾಕ್ಷಿಯವು, ಹತ್ತಿರ ಹತ್ತಿರದ ವರ್ಷಗಳವು, ಬೇರೆ ಬೇರೆ ನೆಲಗಳವು. ಇಪ್ಪತ್ತೆಂಟು ವರ್ಷ ಭೂಗೋಳ ಪಾಠ ಮಾಡಿದ ನನಗೆ ಆ ಪಟ್ಟಿಯನ್ನು ಓದಿದ ಕೂಡಲೇ ಹೋಗಲೇಬೇಕೆನಿಸಿತು. ನಮ್ಮ ಮನೆಯಲ್ಲಿ ಕ್ರಿಸ್ಮಸ್ಸಿಗೆ ಅಮ್ಮ ಭರಣಿಯಲ್ಲಿ ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ ಹಾಕಿ ಬಾಯಿಗೆ ಬಟ್ಟೆ ಕಟ್ಟಿಡುತ್ತಿದ್ದರು. ಆ ದ್ರಾಕ್ಷಿ ಯಾವಾಗಲೂ ಘಟ್ಟದ ಮೇಲಿನಿಂದ ಬರುತ್ತಿತ್ತು. ಇಲ್ಲೇಕೆ ದ್ರಾಕ್ಷಿ ಬೆಳೆಯುವುದಿಲ್ಲವೆಂದು ಚಿಕ್ಕಂದಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಪಾಠಪುಸ್ತಕದಲ್ಲಿ ಸಿಕ್ಕಿತ್ತು. ಬಾಯಿಗೆ ಸಿಕ್ಕಿದ್ದು ಈ ಸಂಜೆ.

ಆಲ್ಸಾಸನ್ನು ಅರ್ಥಮಾಡಿಕೊಳ್ಳಲು ಕರಾವಳಿಯವರಿಗೆ ಹೆಚ್ಚು ಕಷ್ಟವಿಲ್ಲ. ನಮ್ಮ ಪಡುವಣ ಘಟ್ಟದಂತೆ ಅಲ್ಲಿ ವೋಜ್ ಎಂಬ ಪರ್ವತಸಾಲು ಉತ್ತರದಕ್ಷಿಣವಾಗಿ ಮಲಗಿದೆ. ನಮ್ಮಲ್ಲಿ ಅರಬೀ ಸಮುದ್ರದ ಮೋಡಗಳು ಬರುವಂತೆಯೇ ಅಲ್ಲಿಗೂ ಮೋಡಗಳು ಪಶ್ಚಿಮದಿಂದ, ಅಟ್ಲಾಂಟಿಕ್ ಸಾಗರದ ಕಡೆಯಿಂದ ಬರುತ್ತವೆ, ಬೆಟ್ಟವನ್ನು ಏರುವಾಗ ತಣಿದು ಮಳೆ ಸುರಿಸುತ್ತವೆ, ಆಚೆ ಇಳಿಯುವಾಗ ಗಾಳಿ ಬಿಸಿಯಾಗಿ ಒಣಗುತ್ತದೆ. ವೋಜ್ ಪರ್ವತದ ನೆತ್ತಿಯಲ್ಲಿ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆಯಾದರೆ, ಪೂರ್ವದ ಬುಡದಲ್ಲಿರುವ ಕೋಲ್ಮಾರ್ ಪಟ್ಟಣದಲ್ಲಿ 600 ಮಿಲಿಮೀಟರ್ ಕೂಡ ಆಗುವುದಿಲ್ಲ. ಫ್ರಾನ್ಸಿನ ಅತ್ಯಂತ ಒಣ ಊರುಗಳಲ್ಲಿ ಅದೂ ಒಂದು. ನಮ್ಮಲ್ಲಿ ಆಗುಂಬೆಯ ಮಳೆ 7,000 ಮಿಲಿಮೀಟರ್ ಮೀರುತ್ತದೆ, ಘಟ್ಟ ದಾಟಿ ಬಯಲುಸೀಮೆಯ ಚಳ್ಳಕೆರೆಗೆ ಹೋದರೆ 500ರ ಆಸುಪಾಸಿಗೆ ಇಳಿಯುತ್ತದೆ. ನಾವು ಮೋಡವನ್ನು ಎದುರುಗೊಳ್ಳುವ ಬದಿಯಲ್ಲಿದ್ದೇವೆ; ಆಲ್ಸಾಸಿನ ಬಳ್ಳಿಗಳು ಮೋಡ ಬರಿದಾದ ಮೇಲಿನ ಬದಿಯಲ್ಲಿವೆ. ವೋಜ್ ಸಾಲಿನ ಅತಿ ಎತ್ತರದ ಗ್ರಾಂ ಬಾಲೋಂ ಶಿಖರ 1,424 ಮೀಟರ್, ನಮ್ಮ ಕುದುರೆಮುಖಕ್ಕಿಂತ ಎಷ್ಟೋ ತಗ್ಗು. ಆದರೆ ಮಳೆಯನ್ನು ತಡೆಯಲು ಅಷ್ಟು ಸಾಕಾಗಿದೆ.

ಬೆಟ್ಟದ ಎತ್ತರ ಎಲ್ಲ ಕಡೆ ಒಂದೇ ಇಲ್ಲದಿರುವುದು ಇನ್ನೊಂದು ಸ್ವಾರಸ್ಯ. ದಕ್ಷಿಣದ ಅರ್ಧದಲ್ಲಿ ವೋಜ್ ಎತ್ತರವಾಗಿದೆ, ಆದ್ದರಿಂದ ಕೋಲ್ಮಾರಿನ ಸುತ್ತಲಿನ ತೋಟಗಳಿಗೆ ಮಳೆಯ ಕಾಟ ಕಡಿಮೆ. ಉತ್ತರಕ್ಕೆ ಸ್ಟ್ರಾಸ್‌ಬರ್ಗಿನ ಕಡೆ ಹೋದಂತೆ ಬೆಟ್ಟ ತಗ್ಗುತ್ತದೆ, ಮೋಡಗಳು ನುಸುಳುತ್ತವೆ, ದ್ರಾಕ್ಷಿ ಮಾಗುವುದು ಅಷ್ಟು ಖಚಿತವಲ್ಲ. ಶಿರಾಡಿ ಘಾಟಿಯಲ್ಲಿ ಹೋಗುವವರಿಗೂ ಪಾಲಕ್ಕಾಡಿನ ಕಣಿವೆಯನ್ನು ಬಲ್ಲವರಿಗೂ ಬೆಟ್ಟದ ಒಂದು ತಗ್ಗು ಎಷ್ಟು ದೂರದವರೆಗೆ ಹವೆಯನ್ನು ಬದಲಿಸುತ್ತದೆಂಬುದು ಗೊತ್ತಿದೆ. ಪ್ರಸಿದ್ಧ ಗುಡ್ಡಗಳೆಂದು ಪ್ರತ್ಯೇಕವಾಗಿ ಗುರುತಿಸಲಾದ ಗ್ರಾಂ ಕ್ರು ತೋಟಗಳು ಆಲ್ಸಾಸಿನಲ್ಲಿ 51 ಇವೆ. ಅವುಗಳಲ್ಲಿ ಹೆಚ್ಚಿನವು ದಕ್ಷಿಣದ ಅರ್ಧದಲ್ಲಿರುವುದಕ್ಕೆ ಈ ಎತ್ತರದ ಬೆಟ್ಟದ ಆಸರೆ ದೊಡ್ಡ ಕಾರಣ.

ಬಲ್ಮಠಕ್ಕೂ ಆ ಸೀಮೆಗೂ ಒಂದು ಹಳೆಯ ನೆರೆತನವಿದೆ, ಕೂಟದಲ್ಲಿ ಯಾರೂ ಅದನ್ನು ನೆನೆಯಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಇದೇ ಗುಡ್ಡದಲ್ಲಿ ನೆಲೆಯೂರಿತು. ಬಾಸೆಲ್ ನಗರ ಸ್ವಿಟ್ಜರ್ಲೆಂಡಿನದಾದರೂ ಆಲ್ಸಾಸಿನ ದಕ್ಷಿಣದ ಬಾಗಿಲಲ್ಲೇ ಇದೆ. ಅಲ್ಲಿ ರೈನ್ ನದಿ ಉತ್ತರಕ್ಕೆ ತಿರುಗಿ, ಎಡಕ್ಕೆ ವೋಜ್, ಬಲಕ್ಕೆ ಜರ್ಮನಿಯ ಕಪ್ಪುಕಾಡಿನ ಬೆಟ್ಟ, ಇವೆರಡರ ನಡುವಿನ ಬಯಲಿನಲ್ಲಿ ಹರಿಯುತ್ತದೆ. ಬಾಸೆಲಿನಿಂದ ಕೋಲ್ಮಾರಿಗೆ ಸುಮಾರು 60 ಕಿಲೋಮೀಟರ್, ಮಂಗಳೂರಿನಿಂದ ಉಡುಪಿಗಿರುವಷ್ಟೇ ದೂರ. ಮಿಷನ್ನಿನವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣನ್ನು ಕಂಡು. ನನ್ನ ಅಜ್ಜ ಆ ಕೆಲಸದಲ್ಲಿ ದುಡಿದವರು. ಯಾವ ಬದಿಯ ಮಣ್ಣಿನ ಹಂಚು ಗಟ್ಟಿ, ಯಾವುದು ಬೇಗ ಬಿರಿಯುತ್ತದೆ ಎಂದು ಬೆರಳಲ್ಲಿ ಉಜ್ಜಿ ಹೇಳುತ್ತಿದ್ದರು. ಅವರ ಮೊಮ್ಮಗಳಿಗೆ ಗುಡ್ಡದ ಮಣ್ಣಿನಿಂದ ವೈನ್ ಬೇರೆಯಾಗುತ್ತದೆಂಬ ಮಾತು ಅತಿಶಯೋಕ್ತಿಯಾಗಿ ಕೇಳಲಿಲ್ಲ.

ಮೊದಲನೆಯ ರೀಸ್ಲಿಂಗ್ ಬೆಟ್ಟದ್ದಲ್ಲ, ಬಯಲಿನದು. ವೋಜ್‌ನಿಂದ ಇಳಿಯುವ ಹೊಳೆಗಳು ಬುಡದಲ್ಲಿ ಹರಡಿದ ಜಲ್ಲಿ, ಮರಳು ಮತ್ತು ಮೆಕ್ಕಲು ಮಣ್ಣಿನ ನೆಲದ ಸಾಮಾನ್ಯ ವೈನ್. ಬಣ್ಣ ನೀರಿನಷ್ಟು ತೆಳು. ಮೂಗಿಗೆ ಗಜನಿಂಬೆಯ ಸಿಪ್ಪೆ, ಬಾಯಿಗೆ ಚುರುಕಾದ ಹುಳಿ, ನುಂಗಿದ ಮೇಲೆ ಏನೂ ಉಳಿಯುವುದಿಲ್ಲ. ಹೀನವೆಂದು ನಾನು ಹೇಳುತ್ತಿಲ್ಲ. ಜೊತೆಗಿಟ್ಟ ಪತ್ರೊಡೆಗೆ ಅದು ಚೆನ್ನಾಗಿ ಹೊಂದಿತು. ಕೆಸುವಿನೆಲೆಯ ತುರಿಕೆಗೆ ಹುಣಿಸೆ ಮಾಡುವ ಕೆಲಸವನ್ನು ಇದರ ಹುಳಿ ಮುಂದುವರಿಸಿತು. ಹೋಲಿಕೆಗೊಂದು ಅಡಿಗೆರೆಯಾಗಿ ಇದನ್ನು ಮೊದಲಿಗೆ ಇಟ್ಟದ್ದು ಬುದ್ಧಿವಂತಿಕೆಯ ಕೆಲಸ.

ಎರಡನೆಯದು ಷ್ಲಾಸ್‌ಬರ್ಗ್ ಗುಡ್ಡದ್ದು. 1975ರಲ್ಲಿ ಆಲ್ಸಾಸಿನಲ್ಲಿ ಗ್ರಾಂ ಕ್ರು ಎಂಬ ಮನ್ನಣೆ ಮೊದಲು ಸಿಕ್ಕಿದ್ದು ಈ ಗುಡ್ಡಕ್ಕೆ. ವಿಸ್ತಾರದಲ್ಲಿಯೂ ಇದೇ ದೊಡ್ಡದು, ಸುಮಾರು 80 ಹೆಕ್ಟೇರ್. ದಕ್ಷಿಣಕ್ಕೆ ಮುಖಮಾಡಿದ ಕಡಿದಾದ ಇಳಿಜಾರು, ಕಲ್ಲುಕಟ್ಟಿದ ಮೆಟ್ಟಿಲುಗದ್ದೆಗಳಂಥ ತೋಟಗಳು, ಅಡಿಯಲ್ಲಿ ಕಣಶಿಲೆ, ಅಂದರೆ ಗ್ರಾನೈಟು. ಗ್ರಾನೈಟು ಸವೆದು ಉದುರಿದಾಗ ಉರುಟು ಮರಳಾಗುತ್ತದೆ. ಅದರಲ್ಲಿ ನೀರು ನಿಲ್ಲದೆ ಇಳಿಯುತ್ತದೆ, ಮಣ್ಣು ಬೆಳಗಿನ ಬಿಸಿಲಿಗೇ ಬಿಸಿಯಾಗುತ್ತದೆ, ಬಳ್ಳಿ ನೀರನ್ನು ಹುಡುಕುತ್ತಾ ಬೇರನ್ನು ಆಳಕ್ಕೆ ಇಳಿಸಬೇಕಾಗುತ್ತದೆ. ನಲವತ್ತೆಂಟನೆಯ ಅಕ್ಷಾಂಶದಷ್ಟು ಉತ್ತರದಲ್ಲಿ ಸೂರ್ಯ ನೆತ್ತಿಯ ಮೇಲೆ ಎಂದೂ ಬರುವುದಿಲ್ಲ, ಓರೆಯಾಗಿಯೇ ಬಿಸಿಲು ಬೀಳುತ್ತದೆ. ಅಂಥಲ್ಲಿ ದಕ್ಷಿಣಕ್ಕೆ ವಾಲಿದ ಇಳಿಜಾರು ಬಿಸಿಲನ್ನು ಹೆಚ್ಚುಕಡಿಮೆ ನೇರವಾಗಿ ಹಿಡಿಯುತ್ತದೆ. ನೆತ್ತಿಯ ಬಿಸಿಲಿನಿಂದ ತಪ್ಪಿಸಿಕೊಳ್ಳಲು ಮಾಡು ಇಳಿಸಿ ಕಟ್ಟುವ ನಮಗೆ ಬಿಸಿಲನ್ನು ಹೀಗೆ ಹಿಡಿದುಕೊಳ್ಳುವ ಕೃಷಿ ಹೊಸದು. ಈ ವೈನಿನ ಕಂಪು ಲೋಟ ಎತ್ತುವ ಮೊದಲೇ ಬಂತು: ಬಿಳಿ ಹೂವು, ಮಾಗಿದ ಪೇರಳೆ, ಸಣ್ಣಗೆ ಶುಂಠಿ. ಹುಳಿ ಇತ್ತು, ಆದರೆ ಮೊದಲನೆಯದರಂತೆ ಚುಚ್ಚುವುದಾಗಿರದೆ ನಾಲಿಗೆಯ ಉದ್ದಕ್ಕೂ ನೇರವಾದ ಗೆರೆ ಎಳೆದಂತೆ ಇತ್ತು.

ಮೂರನೆಯದನ್ನು ಇದರ ಪಕ್ಕದಲ್ಲೇ ಇಟ್ಟರು, ಎರಡನ್ನೂ ತಿರುತಿರುಗಿ ಸವಿಯಲು ಹೇಳಿದರು. ಸಂಜೆಯ ಅತ್ಯುತ್ತಮ ಹತ್ತು ನಿಮಿಷಗಳು ಅವು. ಷ್ಲಾಸ್‌ಬರ್ಗಿನಿಂದ ನಾಲ್ಕೈದು ಕಿಲೋಮೀಟರ್ ದೂರದ ರಿಕ್‌ವೀರ್ ಊರಿನ ಶೋನೆನ್‌ಬೂರ್ಗ್ ಗುಡ್ಡ. ಹಂಪನಕಟ್ಟೆಯಿಂದ ಕೂಳೂರಿಗಿರುವಷ್ಟೂ ದೂರವಿಲ್ಲ. ಅದೇ ದ್ರಾಕ್ಷಿ, ಅದೇ ಬಗೆಯ ಬಿಸಿಲು, ಅದೇ ಮಳೆ. ನೆಲ ಮಾತ್ರ ಬೇರೆ: ಸುಣ್ಣದಂಶವುಳ್ಳ ಜೇಡಿ, ಅದರೊಳಗೆ ಜಿಪ್ಸಂ. ಈ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ತಣ್ಣಗಿರುತ್ತದೆ, ಹಣ್ಣನ್ನು ನಿಧಾನವಾಗಿ ಮಾಗಿಸುತ್ತದೆ. ಲೋಟದಲ್ಲಿ ಕಂಪೇ ಇಲ್ಲವೆಂದು ನನ್ನ ತಮ್ಮ ಪಕ್ಕಕ್ಕೆ ಸರಿಸಿದ. ಬಾಯಿಗೆ ಹಾಕಿದಾಗ ಭಾರವಾಗಿತ್ತು. ಹುಳಿ ನಾಲಿಗೆಯ ಮೇಲೆ ಓಡದೆ ಕುಳಿತುಕೊಂಡಿತು, ಉಪ್ಪಿನ ನೆನಪು ಬರಿಸುವ ಒಂದು ಒಗರು ಕೊನೆಯವರೆಗೂ ಉಳಿಯಿತು. ಅರ್ಧ ಗಂಟೆಯ ನಂತರ ಅದೇ ಲೋಟವನ್ನು ಮತ್ತೆ ಎತ್ತಿದಾಗ ಹೆರಳೆಕಾಯಿಯ ಸಿಪ್ಪೆಯ ಗಾಢವಾದ ಪರಿಮಳ ಬಿಚ್ಚಿಕೊಂಡಿತ್ತು. ಗ್ರಾನೈಟಿನ ವೈನ್ ಎಳೆಯದರಲ್ಲೇ ಎಲ್ಲವನ್ನೂ ಹೇಳಿಬಿಡುತ್ತದೆ, ಜೇಡಿಯ ವೈನಿಗೆ ವರ್ಷಗಳು ಬೇಕು ಎಂಬ ಮಾತನ್ನು ಓದಿದ್ದೆ; ಅಂದು ಕಂಡೆ.

ಇಷ್ಟು ಹತ್ತಿರದಲ್ಲಿ ನೆಲ ಇಷ್ಟು ಬೇರೆಯಾಗಲು ಕಾರಣವನ್ನು ನಡೆಸಿಕೊಡುತ್ತಿದ್ದ ಯುವಕ ಒಂದೇ ವಾಕ್ಯದಲ್ಲಿ ದಾಟಿಸಿದರು. ವಿಹಾರ ನೌಕೆಗಳಲ್ಲಿ ಎಂಟು ವರ್ಷ ವೈನ್ ಬಡಿಸಿ ಊರಿಗೆ ಮರಳಿದವರು, ಸೌಜನ್ಯವಂತರು. ನನ್ನ ಉದ್ಯೋಗ ತಿಳಿದ ಮೇಲೆ, "ಟೀಚರೇ, ಅದನ್ನು ನೀವೇ ಸ್ವಲ್ಪ ಹೇಳಿಬಿಡಿ ಆಯ್ತಾ?" ಎಂದರು. ಹೇಳಿದೆ. ವೋಜ್ ಮತ್ತು ಕಪ್ಪುಕಾಡು ಒಂದು ಕಾಲದಲ್ಲಿ ಒಂದೇ ಬೆಟ್ಟದ ಮೈ. ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯ ಹೊರಪದರ ಅಲ್ಲಿ ಎಳೆದು ಸೀಳಿತು, ನಡುವಿನ ಭಾಗ ಕುಸಿದು ರೈನ್ ಬಯಲಾಯಿತು, ಎರಡೂ ಬದಿಗಳು ಎತ್ತರದಲ್ಲಿ ಉಳಿದವು. ಸೀಳಿದ ಅಂಚು ನೇರವಾಗಿ ಒಡೆಯದೆ ಚೂರುಚೂರಾಗಿ, ಒಂದೊಂದು ಚೂರು ಒಂದೊಂದು ಆಳಕ್ಕೆ ಜಾರಿತು. ಅದರಿಂದ ಆಳದ ಗ್ರಾನೈಟು, ಅದರ ಮೇಲಿನ ಮರಳುಗಲ್ಲು, ಇನ್ನೂ ಮೇಲಿನ ಸುಣ್ಣಗಲ್ಲು, ಜೇಡಿ ಎಲ್ಲವೂ ಪಕ್ಕಪಕ್ಕದಲ್ಲೇ ಹೊರಗೆ ಕಾಣಿಸಿಕೊಂಡವು. ದ್ರಾಕ್ಷಿಯ ತೋಟಗಳು ಬಹುಪಾಲು ಈ ಮುರಿದ ಅಂಚಿನ ಮೇಲೆಯೇ, 200ರಿಂದ 400 ಮೀಟರ್ ಎತ್ತರದ ನಡುವೆ, ಕೆಲವೇ ಕಿಲೋಮೀಟರ್ ಅಗಲದ ಪಟ್ಟಿಯಾಗಿ ಸಾಗುತ್ತವೆ. ಮುರಕಲ್ಲಿನ ಗುಡ್ಡ, ಹೊಳೆಯ ಮೆಕ್ಕಲು, ಕಡಲ ಮರಳು ಎಂಬ ಮೂರೇ ನೆಲಗಳಲ್ಲಿ ಬದುಕು ಕಟ್ಟಿಕೊಂಡ ನಮಗೆ ಆ ವೈವಿಧ್ಯ ಅಸೂಯೆ ಹುಟ್ಟಿಸುವಂಥದು.

ಒಂದು ಮಾತನ್ನು ಮಾತ್ರ ನಾನು ಒಪ್ಪಲಿಲ್ಲ. ಬಳ್ಳಿ ಕಲ್ಲಿನ ರುಚಿಯನ್ನು ಬೇರಿನಿಂದ ಹೀರಿ ಹಣ್ಣಿಗೆ ತಲುಪಿಸುತ್ತದೆ, ಅದಕ್ಕೇ ವೈನಿನಲ್ಲಿ ಕಲ್ಲಿನ ರುಚಿ ಬರುತ್ತದೆ ಎಂದು ಯುವಕ ವಿವರಿಸಿದರು. ಹಾಗೆ ನಂಬುವವರು ಬಹಳ ಮಂದಿ ಇದ್ದಾರೆ, ಆದರೆ ಭೂವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ಕಲ್ಲಿಗೆ ಅಂಥ ರುಚಿಯೇ ಇಲ್ಲ. ಬೇರು ತೆಗೆದುಕೊಳ್ಳುವ ಲವಣಗಳು ವೈನಿನಲ್ಲಿ ನಾಲಿಗೆಗೆ ತಿಳಿಯುವಷ್ಟು ಪ್ರಮಾಣದಲ್ಲಿ ಉಳಿಯುವುದೂ ಇಲ್ಲ. ನೆಲ ಕೆಲಸ ಮಾಡುವುದು ನೀರಿನ ಮೂಲಕ, ಕಾವಿನ ಮೂಲಕ: ಎಷ್ಟು ನೀರು, ಯಾವಾಗ, ಎಷ್ಟು ಬೇಗ ಬಿಸಿ, ಎಷ್ಟು ಹೊತ್ತು ತಂಪು. ಅದರಿಂದ ಹಣ್ಣಿನ ಗಾತ್ರ, ಸಿಪ್ಪೆಯ ದಪ್ಪ, ಸಿಹಿ ಹುಳಿಗಳ ಅಳತೆ ಬದಲಾಗುತ್ತವೆ. ಉಡುಪಿಯವರಿಗೆ ಮಟ್ಟುಗುಳ್ಳದ ಉದಾಹರಣೆ ಸಾಕು. ವಾದಿರಾಜರು ಕೊಟ್ಟ ಬೀಜವೆಂದು ನಂಬುವ ಆ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಬೀಜವನ್ನು ಒಯ್ದು ಬೇರೆಡೆ ಬಿತ್ತಿದವರು ಗಿಡ ಬಂತು, ಕಾಯಿಯೂ ಬಂತು, ಮಟ್ಟುವಿನ ರುಚಿ ಬರಲಿಲ್ಲ ಎನ್ನುತ್ತಾರೆ. ಹಾಗೆಂದು ಮಟ್ಟುಗುಳ್ಳದಲ್ಲಿ ಮಟ್ಟುವಿನ ಮಣ್ಣಿನ ರುಚಿ ಇದೆಯೆಂದು ಯಾರೂ ಹೇಳುವುದಿಲ್ಲ. ಹೊಳೆಯೂ ಕಡಲೂ ಸನಿಹವಿರುವ ಆ ನೆಲದ ತೇವ, ಮರಳು, ಗಾಳಿಗಳಲ್ಲಿ ಬೆಳೆದ ಕಾಯಿ ಅದು, ಅಷ್ಟೇ. ಯುವಕ ಇದನ್ನು ಮನಸ್ಸಿಟ್ಟು ಕೇಳಿದರು, ಮುಂದಿನ ವಿವರಣೆಯಲ್ಲಿ ತಿದ್ದಿಕೊಂಡರು. ಅವರ ಮೇಲೆ ನನಗೆ ಗೌರವ ಹೆಚ್ಚಿತು.

ನಾಲ್ಕನೆಯ ರೀಸ್ಲಿಂಗ್ ರಾಂಗೆನ್ ಗುಡ್ಡದ್ದು. ಇದು ಆಲ್ಸಾಸಿನ ಗ್ರಾಂ ಕ್ರುಗಳಲ್ಲಿ ದಕ್ಷಿಣದ ತುದಿ, ಥಾನ್ ಪಟ್ಟಣದ ಮೇಲೆ ಗೋಡೆಯಂತೆ ಎದ್ದುನಿಂತಿರುವ ಇಳಿಜಾರು, ಯಂತ್ರಗಳು ಹತ್ತಲಾಗದಷ್ಟು ಕಡಿದು. ಗ್ರಾಂ ಕ್ರುಗಳ ಪೈಕಿ ಜ್ವಾಲಾಮುಖಿಯ ಕಲ್ಲಿನ ಮೇಲೆ ಇರುವುದು ಇದೊಂದೇ. ಮಲ್ಪೆಯ ಸೈಂಟ್ ಮೇರೀಸ್ ದ್ವೀಪದಲ್ಲಿ ಮಧ್ಯಾಹ್ನ ಬರಿಗಾಲಲ್ಲಿ ನಡೆದವರಿಗೆ ಕಪ್ಪು ಜ್ವಾಲಾಮುಖಿ ಶಿಲೆ ಬಿಸಿಲನ್ನು ಹೇಗೆ ನುಂಗುತ್ತದೆಂದು ವಿವರಿಸಬೇಕಾಗಿಲ್ಲ. ರಾಂಗೆನ್ನಿನ ಕಪ್ಪು ಕಲ್ಲೂ ಹಗಲು ಕಾವನ್ನು ಕುಡಿದು ಇರುಳು ಬಿಟ್ಟುಕೊಡುತ್ತದೆ. ಆದರೆ ಅದೇ ಗುಡ್ಡ 450 ಮೀಟರಿನವರೆಗೆ ಏರುತ್ತದೆ, ಬೆಟ್ಟದ ಕಣಿವೆಯ ಬಾಯಲ್ಲೇ ಇರುವುದರಿಂದ ತಂಪು ಗಾಳಿಯೂ ಮಳೆಯೂ ಹೆಚ್ಚು; ನೂರು ಮೀಟರ್ ಏರಿದರೆ ಅರ್ಧ ಡಿಗ್ರಿಗಿಂತ ಹೆಚ್ಚು ಉಷ್ಣತೆ ಇಳಿಯುತ್ತದೆ. ಕಲ್ಲು ಬಿಸಿ, ಗಾಳಿ ತಂಪು. ಹೀಗಾಗಿ ಹಣ್ಣು ಪೂರ್ತಿ ಮಾಗಿಯೂ ಹುಳಿಯನ್ನು ಕಳೆದುಕೊಳ್ಳುವುದಿಲ್ಲ. ಲೋಟದಲ್ಲಿ ಹೊಗೆ, ಜೇನು, ಜೊತೆಗೆ ಸೀಮೆಎಣ್ಣೆಯ ವಾಸನೆ! ಎದುರಿಗೆ ಕುಳಿತಿದ್ದ ದಂಪತಿ ಬಾಟಲಿ ಕೆಟ್ಟಿದೆಯೆಂದು ಗಾಬರಿಯಾದರು. ಕೆಟ್ಟಿರಲಿಲ್ಲ. ಬಿಸಿಲನ್ನು ಚೆನ್ನಾಗಿ ಉಂಡ ರೀಸ್ಲಿಂಗ್ ಬಾಟಲಿಯಲ್ಲಿ ಹಳತಾದಂತೆ ಈ ವಾಸನೆ ಬರುವುದು ಸಹಜ, ಆ ತಳಿಯ ಗುರುತೇ ಅದು. ಯುವಕ ಅದನ್ನು ಮೊದಲೇ ಹೇಳಿದ್ದರೆ ಆ ದಂಪತಿ ಲೋಟವನ್ನು ದೂರ ಇಡುತ್ತಿರಲಿಲ್ಲ. ನನ್ನ ಮಟ್ಟಿಗೆ ಆರರಲ್ಲಿ ಇದೇ ಶ್ರೇಷ್ಠ. ಕಾಣೆಯ ರವಾ ಫ್ರೈ ಜೊತೆ ಸವಿದಾಗ ಮೀನಿನ ಸಿಹಿ ಎರಡರಷ್ಟಾಯಿತು.

ಈಗ ಲೋಪದ ಮಾತು. ಐದನೆಯದು ಪಿನೋ ಗ್ರಿ ಎಂಬ ದ್ರಾಕ್ಷಿಯದು, ಸುಣ್ಣಗಲ್ಲಿನ ಗುಡ್ಡವೊಂದರದು. ಬಾಟಲಿಯ ಬಿರಡೆ ಬಾಯಿಂದ ಒಂದು ಕೂದಲೆಳೆಯಷ್ಟು ಮೇಲಕ್ಕೆ ಎದ್ದಿತ್ತು. ಸುರಿದಾಗ ಬಣ್ಣ ಹೊಳಪಿಲ್ಲದ ಕಂದು; ವಾಸನೆ ಬೇಯಿಸಿದ ಸೇಬಿನದು, ಹಳೆಯ ಬೆಲ್ಲದ್ದು. ಬಾಯಿಗೆ ಹುಳಿಯೇ ಸಿಗಲಿಲ್ಲ. ಈ ಬಾಟಲಿ ಎಲ್ಲೋ ಬಿಸಿಗೆ ಸಿಕ್ಕಿ ಬೆಂದುಹೋಗಿತ್ತು. ಕೇಳಿದಾಗ ತಿಳಿದದ್ದು: ಬಾಟಲಿಗಳನ್ನು ಬೆಂಗಳೂರಿನಿಂದ ಹಗಲು ಹೊತ್ತು ಸಾಮಾನು ಸಾಗಿಸುವ ವಾಹನದಲ್ಲಿ ತರಿಸಿ, ಹೋಟೆಲಿನ ಕೆಳಗಿನ ದಾಸ್ತಾನು ಕೊಠಡಿಯಲ್ಲಿ ಎರಡು ವಾರ ಇಟ್ಟಿದ್ದರು, ಆ ಕೊಠಡಿಗೆ ಏಸಿ ಇಲ್ಲ. ವೈನ್ ನೆಮ್ಮದಿಯಾಗಿರುವುದು ಹನ್ನೆರಡು ಹದಿಮೂರು ಡಿಗ್ರಿಯಲ್ಲಿ. ಮಳೆ ಬಿಟ್ಟ ಅಕ್ಟೋಬರಿನಲ್ಲಿ ಮಂಗಳೂರಿನ ಹಗಲು ಮೂವತ್ತು ದಾಟುತ್ತದೆ, ಇರುಳೂ ಇಪ್ಪತ್ತನಾಲ್ಕರ ಆಸುಪಾಸಿನಲ್ಲೇ ಇರುತ್ತದೆ, ಮುಚ್ಚಿದ ಕೊಠಡಿಯಲ್ಲಿ ಸೆಕೆ ಇನ್ನೂ ಹೆಚ್ಚು. ಐದು ಬಾಟಲಿ ಬದುಕಿದ್ದು ಅದೃಷ್ಟ. ವೋಜ್ ಪರ್ವತದ ಬಿಸಿಲು ಮಳೆಗಳ ಬಗ್ಗೆ ಅಷ್ಟು ಚಂದವಾಗಿ ಹೇಳುವ ಕೂಟ ಬಲ್ಮಠದ ಸೆಕೆಯನ್ನು ಲೆಕ್ಕಕ್ಕೆ ಹಿಡಿಯದೇ ಹೋದದ್ದು ನನಗೆ ನಿಜಕ್ಕೂ ಬೇಸರ ತಂದಿತು. ಒಂದು ಇಳಿಜಾರಿನಲ್ಲಿ ಒಂದು ಇಡೀ ವರ್ಷ ಯಾರೋ ಮೊಣಕಾಲೂರಿ ಮಾಡಿದ ದುಡಿಮೆ, ಇಲ್ಲಿ ಎರಡು ವಾರದಲ್ಲಿ ಹಾಳಾಯಿತು. ಬದಲಿ ಬಾಟಲಿ ಇರಲಿಲ್ಲ. ಅವರು ಕ್ಷಮೆ ಕೇಳಿ ತಲೆಗೆ 800 ರೂಪಾಯಿ ಹಿಂದಿರುಗಿಸಿದರು, ಅದು ನ್ಯಾಯವಾದ ನಡೆ. ಆದರೆ ನನಗೆ ಬೇಕಾಗಿದ್ದದ್ದು ಸುಣ್ಣಗಲ್ಲಿನ ವೈನ್. ಹೋಲಿಕೆಯ ಸರಪಳಿಯಲ್ಲಿ ಆ ಕೊಂಡಿ ತಪ್ಪಿಹೋಯಿತು.

ಆರನೆಯದು ಗೆವುರ್ಜ್‌ಟ್ರಾಮಿನರ್. ಕೋಲ್ಮಾರಿನ ದಕ್ಷಿಣಕ್ಕೆ ಜಿಂಕೋಫ್ಲೆ ಎಂಬ ಗುಡ್ಡ, 420 ಮೀಟರಿನವರೆಗೆ ತೋಟಗಳು. ಪಶ್ಚಿಮಕ್ಕೆ ವೋಜ್‌ನ ಅತಿ ಎತ್ತರದ ಶಿಖರಗಳೇ ಅಡ್ಡ ನಿಂತಿರುವುದರಿಂದ ಇಲ್ಲಿನ ಹವೆ ಎಷ್ಟು ಒಣವೆಂದರೆ ಮೆಡಿಟರೇನಿಯನ್ ತೀರದ ಗಿಡಗಳು ತಾವಾಗಿ ಬೆಳೆಯುತ್ತವೆ. ಇದು ತಡವಾಗಿ ಕೊಯ್ದ ಹಣ್ಣಿನ ಸಿಹಿ ವೈನ್. ಶರತ್ಕಾಲದ ಒಣ ಗಾಳಿಗೆ ಹಣ್ಣು ಬಳ್ಳಿಯಲ್ಲೇ ಸುಕ್ಕಾಗಿ ರಸ ಗಟ್ಟಿಯಾಗುತ್ತದೆ. ಕೆಳಗಿನ ಬಯಲಿನ ಹತ್ತಿರ, ಇಲ್ ಎಂಬ ನದಿಯ ಬೆಳಗಿನ ಮಂಜು ತಲುಪುವ ತೋಟಗಳಲ್ಲಿ ಹೀಗಾಗುವುದಿಲ್ಲ. ಅಲ್ಲಿ ಮಂಜಿನ ತೇವಕ್ಕೆ ಬೊಟ್ರೈಟಿಸ್ ಎಂಬ ಬೂಷ್ಟು ಹಣ್ಣಿನ ಸಿಪ್ಪೆಯನ್ನು ತೂತುಗೊಳಿಸಿ ನೀರನ್ನು ಹೊರಹೋಗಿಸುತ್ತದೆ. ಮಧ್ಯಾಹ್ನ ಬಿಸಿಲು ಬಂದರೆ ಆ ಬೂಷ್ಟು ವರ, ಮಳೆ ಬಂದರೆ ಅದೇ ಕೊಳೆರೋಗ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ಕೃಷಿಕರಿಗೆ ಕೊಳೆಯ ಭಯವನ್ನು ಹೇಳಿಕೊಡಬೇಕಾಗಿಲ್ಲ. ಆ ದ್ರಾವಣ ಹುಟ್ಟಿದ್ದೂ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಲ್ಲಿಯೇ. ಲೋಟಕ್ಕೆ ಮೂಗು ತಂದಾಗ ನನ್ನ ಬಾಲ್ಯದ ಹಿತ್ತಲಿನ ಪನ್ನೇರಳೆ ಹಣ್ಣು ಕಣ್ಣಮುಂದೆ ಬಂತು, ಅದೇ ಗುಲಾಬಿಯ ಪರಿಮಳ. ಜಗತ್ತೆಲ್ಲ ಇದನ್ನು ಲಿಚ್ಚಿ ಹಣ್ಣಿಗೆ ಹೋಲಿಸುತ್ತದೆ. ಕರಾವಳಿಯವರು ಪನ್ನೇರಳೆ ಎಂದೇ ಹೇಳಬೇಕು.

ಊಟದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಪತ್ರೊಡೆ ಮತ್ತು ಕಾಣೆ ಚೆನ್ನಾಗಿದ್ದವು, ನೀರುದೋಸೆ ತಣ್ಣಗಾಗಿತ್ತು. ಕುಂದಾಪುರದ ಕೋಳಿ ಘೀ ರೋಸ್ಟನ್ನು ಸಿಹಿ ಗೆವುರ್ಜ್‌ಟ್ರಾಮಿನರ್ ಜೊತೆ ಇಟ್ಟದ್ದು ಧೈರ್ಯದ ಆಯ್ಕೆ, ಮತ್ತು ಸರಿಯಾದ ಆಯ್ಕೆ: ಬ್ಯಾಡಗಿ ಮೆಣಸಿನ ಖಾರವನ್ನು ಸಿಹಿ ಸಮಾಧಾನಪಡಿಸಿತು, ತುಪ್ಪದ ಜಿಡ್ಡನ್ನು ಉಳಿದ ಹುಳಿ ತೊಳೆಯಿತು. ಮರುವಾಯಿ ಸುಕ್ಕದ ತೆಂಗಿನಕಾಯಿ ಮಾತ್ರ ಶೋನೆನ್‌ಬೂರ್ಗಿನ ಒಗರನ್ನು ಪೂರ್ತಿ ಮುಚ್ಚಿಹಾಕಿತು. ಆ ವೈನಿಗೆ ಬರೇ ಉಪ್ಪು ಹಾಕಿ ಬೇಯಿಸಿದ ಸಿಗಡಿ ಸಾಕಾಗಿತ್ತು.

ಎರಡು ಸಂಗತಿಗಳನ್ನು ಕೂಟದವರು ಸೇರಿಸಿಕೊಳ್ಳಬೇಕು. ಮೊದಲನೆಯದು ನಕಾಶೆ. ಹನ್ನೆರಡು ಜನರ ಮುಂದೆ ಒಂದು ಉಬ್ಬುತಗ್ಗಿನ ನಕಾಶೆ ಹರಡಿದ್ದರೆ ಅರ್ಧ ಮಾತು ಉಳಿಯುತ್ತಿತ್ತು. ನಾನು ಕೊನೆಗೆ ಕೈಯೊರಸುವ ಕಾಗದದ ಮೇಲೆ ಬೆಟ್ಟ, ನದಿ, ಗಾಳಿಯ ಬಾಣದ ಗುರುತು ಬರೆದು ಸುತ್ತ ಕಳಿಸಿದೆ. ಎರಡನೆಯದು ಬದಲಾಗುತ್ತಿರುವ ಹವೆ. ಆಲ್ಸಾಸಿನಲ್ಲಿ ಹಿಂದೆ ಅಕ್ಟೋಬರಿನಲ್ಲಿ ಶುರುವಾಗುತ್ತಿದ್ದ ಕೊಯ್ಲು ಈಗ ಎಷ್ಟೋ ವರ್ಷಗಳಲ್ಲಿ ಸೆಪ್ಟೆಂಬರ್ ಆರಂಭದಲ್ಲೇ, ಕೆಲವೊಮ್ಮೆ ಆಗಸ್ಟ್ ಕೊನೆಗೇ ಶುರುವಾಗುತ್ತದೆ. ಹಣ್ಣಿನಲ್ಲಿ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ, ಮದ್ಯಸಾರ ಹೆಚ್ಚುತ್ತದೆ. ದಕ್ಷಿಣಮುಖದ ಬಿಸಿ ಗ್ರಾನೈಟು ನಿನ್ನೆಯವರೆಗೆ ಭಾಗ್ಯವಾಗಿತ್ತು, ಒಣಗಿದ ಬೇಸಿಗೆಯಲ್ಲಿ ಅದೇ ಬಳ್ಳಿಯನ್ನು ಬಾಯಾರಿಸುತ್ತದೆ. ತಡವಾಗಿ ಮಾಗಿಸುತ್ತದೆಂದು ದೂರುತ್ತಿದ್ದ ತಣ್ಣನೆಯ ಜೇಡಿಗೆ ಈಗ ಬೆಲೆ ಬಂದಿದೆ. ನಾವು ಅಂದು ಹೋಲಿಸಿದ ಎರಡು ಮತ್ತು ಮೂರನೆಯ ಲೋಟಗಳ ನಡುವಿನ ಸಂಬಂಧವೇ ಮುಂದಿನ ಇಪ್ಪತ್ತು ವರ್ಷಗಳಲ್ಲಿ ತಿರುಗಿಹೋಗಬಹುದು. ಇಷ್ಟು ಮುಖ್ಯವಾದ ವಿಷಯ ಒಂದು ಸಂಜೆಯಿಡೀ ಯಾರ ಬಾಯಲ್ಲೂ ಬರಲಿಲ್ಲ.

6,000 ರೂಪಾಯಿ ದೊಡ್ಡ ಮೊತ್ತ. ನನ್ನ ಪಿಂಚಣಿಯಲ್ಲಿ ತಿಂಗಳು ತಿಂಗಳು ಹೋಗುವಂಥದ್ದಲ್ಲ. ಆದರೆ ಆಮದು ಸುಂಕ ಸೇರಿ ಇಂಥ ಒಂದು ಗ್ರಾಂ ಕ್ರು ಬಾಟಲಿಗೆ ಇಲ್ಲಿ ಬೀಳುವ ಬೆಲೆಯನ್ನು ನೋಡಿದರೆ, ಆರನ್ನು ಅಕ್ಕಪಕ್ಕ ಇಟ್ಟು ಸವಿಯಲು ಬೇರೆ ದಾರಿ ನಮ್ಮ ಊರಿನಲ್ಲಿಲ್ಲ. ಮಣ್ಣು, ಇಳಿಜಾರು, ಮಳೆಗಳ ಬಗ್ಗೆ ಕುತೂಹಲವಿರುವವರು ಖಂಡಿತ ಹೋಗಬಹುದು. ಅಮಲಿಗಾಗಿ ಹೋಗುವವರು ಹಣ ಕಳೆದುಕೊಳ್ಳುತ್ತಾರೆ. ಕಾಯ್ದಿರಿಸುವ ಮೊದಲು ಬಾಟಲಿಗಳನ್ನು ಎಲ್ಲಿ ಇಟ್ಟಿದ್ದಾರೆಂದು ಕೇಳಿ, ಸಂಕೋಚಪಡಬೇಡಿ. ಜನವರಿಯ ಕೂಟಕ್ಕೆ ನಂದಿಬೆಟ್ಟದ ತಪ್ಪಲು ಮತ್ತು ಹಂಪಿಯ ಕಡೆಯ ವೈನುಗಳನ್ನು, ನಮ್ಮದೇ ಘಟ್ಟದ ಮಳೆನೆರಳಿನವನ್ನು, ಜೋಡಿಸುವುದಾಗಿ ಯುವಕ ಹೇಳಿದ್ದಾರೆ. ಅಷ್ಟರಲ್ಲಿ ದಾಸ್ತಾನಿಗೆ ತಂಪುಪೆಟ್ಟಿಗೆ ಬಂದಿರುತ್ತದೆಂದೂ ಮಾತು ಕೊಟ್ಟಿದ್ದಾರೆ. ನಾನು ಎರಡು ಕುರ್ಚಿ ಹೇಳಿಟ್ಟಿದ್ದೇನೆ, ಕರ್ನಾಟಕದ ಉಬ್ಬುತಗ್ಗಿನ ನಕಾಶೆಯನ್ನು ನಾನೇ ಒಯ್ಯುತ್ತೇನೆ.